ಇಪ್ಪತ್ತು ವಿಮಾನ, ಒಂದು ಪೈಪು: 1929ರ ಮಹಿಳಾ ಏರ್ ಡರ್ಬಿಯ ಪ್ರಕರಣ

ಲೂಯಿಸ್ ಥೇಡನ್ ಅವರಿಗೆ ಆಗ 23 ವರ್ಷ. 1929ರ ಆಗಸ್ಟ್‌ನಲ್ಲಿ ಅಮೆರಿಕದ ಕಾನ್ಸಾಸ್‌ನ ವಿಚಿಟಾದಿಂದ ಹೊಸ ವಿಮಾನವೊಂದನ್ನು ತೆಗೆದುಕೊಂಡು, ಮಹಿಳಾ ಏರ್ ಡರ್ಬಿ ಎಂಬ ವಿಮಾನ ಪಂದ್ಯಕ್ಕಾಗಿ ಕ್ಯಾಲಿಫೋರ್ನಿಯಾ ಕಡೆ ಹೊರಟಿದ್ದರು. ವಿಮಾನ ಟ್ರಾವೆಲ್ ಏರ್ ಕಂಪನಿಯದು, ಕಾರ್ಖಾನೆಯಿಂದ ಆಗಷ್ಟೇ ಹೊರಬಂದಿತ್ತು. ದಾರಿಯಲ್ಲಿ ತಲೆ ಭಾರವಾಯಿತು, ಹೊಟ್ಟೆ ತೊಳಸಿತು. ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಇಳಿಯುವ ಹೊತ್ತಿಗೆ ಪ್ರಜ್ಞೆ ತಪ್ಪುವ ಸ್ಥಿತಿ. ಹೇಗೋ ಇಳಿಸಿದರು.

ಎಂಜಿನ್ನಿನ ಹೊಗೆ ಕಾಕ್‌ಪಿಟ್‌ಗೆ ನುಗ್ಗುತ್ತಿತ್ತು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿ ಪೇಪರಿನಲ್ಲಿ ಓದುತ್ತೇವಲ್ಲ, ಅದೇ ಅನಿಲ. ಮೊದಲು ತಲೆನೋವು, ಆಮೇಲೆ ಮಂಪರು. ಇದರ ಕೆಟ್ಟ ಗುಣ ಏನೆಂದರೆ, ಏನೋ ಸರಿಯಿಲ್ಲ ಎಂದು ಗುರುತಿಸಬೇಕಾದ ಬುದ್ಧಿಯನ್ನೇ ಮೊದಲು ಮಂಕು ಮಾಡುತ್ತದೆ.

ಕಂಪನಿಯ ವಾಲ್ಟರ್ ಬೀಚ್ ಒಂದು ಉಪಾಯ ಮಾಡಿದರು. ಹೊರಗಿನ ಗಾಳಿ ನೇರವಾಗಿ ಕಾಕ್‌ಪಿಟ್‌ಗೆ ಬರುವ ಹಾಗೆ ನಾಲ್ಕು ಇಂಚಿನ ಪೈಪೊಂದನ್ನು ಹಾಕಿಸಿದರು. ಅಷ್ಟೇ. ಪಂದ್ಯದ ಒಂಬತ್ತು ದಿನವೂ ಲೂಯಿಸ್ ಥೇಡನ್ ಆ ಪೈಪಿನ ಬಾಯಿಯ ಹತ್ತಿರ ಮೂಗಿಟ್ಟುಕೊಂಡೇ ಹಾರಿದರು.

ಈ ಪ್ರಕರಣದಲ್ಲಿ ವಿಮಾನಗಳು ಇಪ್ಪತ್ತು. ಅದರಲ್ಲಿ ಆರೇಳು ಇದೇ ಟ್ರಾವೆಲ್ ಏರ್ ಕಂಪನಿಯವು. ಈ ಲೆಕ್ಕ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಹೊರಟವರು

ಓಹಾಯೋ ರಾಜ್ಯದ ಕ್ಲೀವ್‌ಲೆಂಡ್‌ನಲ್ಲಿ ಆ ವರ್ಷ ರಾಷ್ಟ್ರೀಯ ವಿಮಾನ ಪಂದ್ಯಗಳು. ಅದರ ಭಾಗವಾಗಿ ಮೊದಲ ಸಲ ಹೆಂಗಸರಿಗಾಗಿ ದೇಶದ ಉದ್ದಕ್ಕೂ ಹಾರುವ ಸ್ಪರ್ಧೆ. ಪಶ್ಚಿಮ ಕರಾವಳಿಯ ಸಾಂಟಾ ಮೋನಿಕಾದಿಂದ ಕ್ಲೀವ್‌ಲೆಂಡ್‌ಗೆ, ಸುಮಾರು 2,750 ಮೈಲಿ. ಕಿಲೋಮೀಟರ್ ಲೆಕ್ಕದಲ್ಲಿ 4,400. ಬೆಂಗಳೂರಿನಿಂದ ರಸ್ತೆಯಲ್ಲಿ ದೆಹಲಿಗೆ ಹೋಗಿ ವಾಪಸು ಬಂದಷ್ಟು ದೂರ. ಆಗಸ್ಟ್ 18ರಿಂದ 26ರವರೆಗೆ, ದಿನಕ್ಕೊಂದಿಷ್ಟು ಹಾರಾಟ, ನಡುವೆ ಹತ್ತಾರು ಊರುಗಳಲ್ಲಿ ಇಳಿಯುವುದು. ಪ್ರತಿ ತುಂಡಿಗೂ ಗಡಿಯಾರ. ಕೊನೆಗೆ ಎಲ್ಲ ಕೂಡಿಸಿದಾಗ ಯಾರ ಸಮಯ ಕಡಿಮೆಯೋ ಅವರು ಗೆದ್ದ ಹಾಗೆ. ಎಂಜಿನ್ನಿನ ಗಾತ್ರ ನೋಡಿ ಭಾರಿ ಮತ್ತು ಹಗುರ ಎಂದು ಎರಡು ವರ್ಗ.

ಭಾಗವಹಿಸಲು ಲೈಸೆನ್ಸ್ ಬೇಕು, ಒಬ್ಬರೇ ಹಾರಿದ 100 ಗಂಟೆಗಳ ಅನುಭವ ಬೇಕು. ಅದರಲ್ಲಿ 25 ಗಂಟೆ ಊರಿಂದೂರಿಗೆ ಹಾರಿದ್ದಾಗಿರಬೇಕು. ಜೊತೆಗೆ ಪ್ಯಾರಾಚೂಟ್, ಒಂದು ಗ್ಯಾಲನ್ ನೀರು, ಮೂರು ದಿನದ ಊಟ. ದಾರಿಯಲ್ಲಿ ಮರುಭೂಮಿ ಇದೆ, ಎಲ್ಲಾದರೂ ಬಿದ್ದರೆ ಹುಡುಕಿ ಬರುವವರೆಗೆ ಬದುಕಿರಬೇಕಲ್ಲ.

ಇದಕ್ಕೂ ಮುಂಚೆ ಸಂಘಟಕರ ಕಡೆಯಿಂದ ಬೇರೆ ಯೋಚನೆಗಳು ಬಂದಿದ್ದವು. ಬೆಟ್ಟಗಳ ತಂಟೆ ಬೇಡ, ದೇಶದ ನಡುವಿನಿಂದ ಶುರು ಮಾಡೋಣ. ಇಲ್ಲವೇ ಪ್ರತಿ ವಿಮಾನದಲ್ಲೂ ದಾರಿ ತೋರಿಸಲು ಒಬ್ಬ ಗಂಡಸು ಇರಲಿ. ಪೈಲಟ್‌ಗಳು ಒಪ್ಪಲಿಲ್ಲ. ಹಾಗಾದರೆ ನಾವು ಬರುವುದೇ ಇಲ್ಲ ಎಂದರು. ಸರಿಯಾಗೇ ಹೇಳಿದರು ಎನ್ನಿಸುತ್ತದೆ ನನಗೆ. ಪಕ್ಕದಲ್ಲಿ ಗಂಡಸು ಕೂತಿದ್ದರೆ ವಿಮಾನ ಓಡಿಸಿದ್ದು ಯಾರು ಎಂಬ ಪ್ರಶ್ನೆ ಕ್ಲೀವ್‌ಲೆಂಡ್ ಮುಟ್ಟುವ ಮೊದಲೇ ಎದ್ದಿರುತ್ತಿತ್ತು.

ಹೊರಟವರಲ್ಲಿ ಅಮೇಲಿಯಾ ಇಯರ್‌ಹಾರ್ಟ್ ಹೆಸರು ಎಲ್ಲರಿಗೂ ಗೊತ್ತು. ಹಿಂದಿನ ವರ್ಷವಷ್ಟೇ ಅಟ್ಲಾಂಟಿಕ್ ದಾಟಿದ್ದರು, ಆದರೆ ಪ್ರಯಾಣಿಕರಾಗಿ. ಆ ಮಾತು ಅವರಿಗೇ ಚುಚ್ಚುತ್ತಿತ್ತು. ರೂತ್ ಎಲ್ಡರ್ 1927ರಲ್ಲಿ ಅಟ್ಲಾಂಟಿಕ್ ದಾಟಲು ಹೋಗಿ ಸಮುದ್ರಕ್ಕಿಳಿದು, ಹಡಗಿನವರ ಕೈಗೆ ಸಿಕ್ಕು ಬದುಕಿ ಬಂದವರು. ಜರ್ಮನಿಯಿಂದ ಥಿಯಾ ರಾಷೆ, ಆಸ್ಟ್ರೇಲಿಯಾದಿಂದ ಜೆಸ್ಸಿ ಕೀತ್-ಮಿಲ್ಲರ್. ಪಾಂಚೋ ಬಾರ್ನ್ಸ್, ಫೀಬಿ ಒಮ್ಲಿ, ಬಾಬಿ ಟ್ರೌಟ್, ಬ್ಲಾಂಚ್ ನೋಯ್ಸ್, ಗ್ಲಾಡಿಸ್ ಓಡೊನೆಲ್. ಮತ್ತೆ ಮಾರ್ವೆಲ್ ಕ್ರಾಸನ್. ಅಣ್ಣ-ತಮ್ಮಂದಿರು ಸೈಕಲ್ ರಿಪೇರಿ ಮಾಡುವ ಹಾಗೆ ಮಾರ್ವೆಲ್ ಮತ್ತು ಅವರ ಸಹೋದರ ಜೋ ಹಳೆಯ ವಿಮಾನದ ಭಾಗಗಳನ್ನು ಕೊಂಡು ತಂದು, ಮನೆಯಲ್ಲೇ ಜೋಡಿಸಿ ಹಾರಿದವರು. ಅದೇ ವರ್ಷದ ಮೇ ತಿಂಗಳಲ್ಲಿ ಮಾರ್ವೆಲ್ ಸುಮಾರು 24,000 ಅಡಿ ಏರಿ ಹೆಂಗಸರ ಎತ್ತರದ ದಾಖಲೆ ಮಾಡಿದ್ದರು. ಅವರದೂ ಟ್ರಾವೆಲ್ ಏರ್ ವಿಮಾನ.

ಇವರ ಹತ್ತಿರ ದಾರಿ ಹುಡುಕಲು ಇದ್ದದ್ದು ಏನು? ರಸ್ತೆ ನಕ್ಷೆ, ದಿಕ್ಸೂಚಿ, ಕೈಗಡಿಯಾರ. ಮಾತಾಡಲು ರೇಡಿಯೋ ಇಲ್ಲ. ರೈಲು ಹಳಿ ಹಿಡಿದು ಹೋಗುವುದು, ಅನುಮಾನ ಬಂದರೆ ಕೆಳಗಿಳಿದು ಸ್ಟೇಷನ್ನಿನ ಬೋರ್ಡ್ ಓದುವುದು. ಗುಂಪಾಗಿ ಹೊರಟಿದ್ದರು ನಿಜ, ಆದರೆ ಮೇಲೆ ಹೋದ ಮೇಲೆ ಪ್ರತಿಯೊಬ್ಬರೂ ಒಂಟಿ.

ಮೊದಲ ರಾತ್ರಿಯ ಜಗಳ

ಆಗಸ್ಟ್ 18, ಭಾನುವಾರ ಮಧ್ಯಾಹ್ನ 19 ವಿಮಾನಗಳು ಹೊರಟವು. ಇಪ್ಪತ್ತನೆಯವರಾದ ಮೇರಿ ಹೇಜ್ಲಿಪ್ ಅವರ ವಿಮಾನ ತಡವಾಗಿ ಬಂತು, ಅವರು ಮರುದಿನ ಹೊರಟರು. ಇಯರ್‌ಹಾರ್ಟ್ ಹೊರಟ ಸ್ವಲ್ಪ ಹೊತ್ತಿಗೇ ಸ್ಟಾರ್ಟರ್ ಕೆಟ್ಟು ವಾಪಸು ಬಂದು ಮತ್ತೆ ಹೊರಟರು. ಆ ದಿನ ಹೋಗಬೇಕಾದದ್ದು ಸುಮಾರು 60 ಮೈಲಿ ದೂರದ ಸ್ಯಾನ್ ಬರ್ನಾರ್ಡಿನೊ ಮಾತ್ರ. ಅಲ್ಲಿ ನೆಲದ ಧೂಳು ಹೇಗಿತ್ತೆಂದರೆ, ಮುಂದಿನವರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವರಿಗೆ ನೆಲ ಕಾಣುತ್ತಿರಲಿಲ್ಲ.

ರಾತ್ರಿ ಜಗಳ ಶುರುವಾಯಿತು. ಮರುದಿನದ ದಾರಿಯಲ್ಲಿ ಮೆಕ್ಸಿಕೊ ಗಡಿಯ ಕ್ಯಾಲೆಕ್ಸಿಕೊದಲ್ಲಿ ಇಳಿಯಬೇಕಿತ್ತು. ವೇಗದ ಭಾರಿ ವಿಮಾನ ಇಳಿಸಲು ಆ ಮೈದಾನ ಸಾಲದು ಎಂಬುದು ಪೈಲಟ್‌ಗಳ ವಾದ. ನೇರ ಅರಿಜೋನಾದ ಯೂಮಾಕ್ಕೆ ಹೋಗುತ್ತೇವೆ ಎಂದು ಹಟ ಹಿಡಿದರು. ಕೊನೆಗೆ ಕ್ಯಾಲೆಕ್ಸಿಕೊದಲ್ಲಿ ಇಳಿಯದೆ ಹೋಗಲು ಒಪ್ಪಿಗೆ ಸಿಕ್ಕಿತು. ದಾರಿ ಹಾಕಿದವರು ಯಾರು, ಹಾರುವವರನ್ನು ಮೊದಲೇ ಕೇಳಲಿಲ್ಲ ಯಾಕೆ? ಊರೂರಿನ ಸ್ವಾಗತ ಸಮಿತಿಗಳು ನಮ್ಮೂರಿಗೂ ಬರಲಿ ಎನ್ನುತ್ತಿದ್ದವು. ಪಂದ್ಯದ ಹಣದ ಹಿಂದೆ ಕ್ಲಬ್ಬುಗಳಿದ್ದವು. ರಥ ನಮ್ಮ ಬೀದಿಗೂ ಬರಲಿ ಎನ್ನುವ ಜನರ ಆಸೆಯ ಹಾಗೆಯೇ ಇದೂ. ತಪ್ಪೇನಿಲ್ಲ, ಆದರೆ ಬೀದಿಯ ಅಗಲ ನೋಡಬೇಕಲ್ಲ.

ಈ ಜಗಳದಲ್ಲಿ ಆ ರಾತ್ರಿಯ ನಿದ್ದೆ ಹೋಯಿತು. ಪ್ರತಿ ಊರಿನಲ್ಲೂ ಸಂಜೆ ಔತಣ, ಭಾಷಣ, ಫೋಟೋ. ಪೈಲಟ್‌ಗಳಿಗೆ ತಮ್ಮ ವಿಮಾನದ ಹತ್ತಿರ ಇರಬೇಕು ಅನ್ನಿಸುತ್ತಿತ್ತು, ಅವರನ್ನು ಊಟದ ಮೇಜಿಗೆ ಕರೆದೊಯ್ಯಲಾಗುತ್ತಿತ್ತು. ಅತ್ತ ಮೈದಾನದಲ್ಲಿ ವಿಮಾನಗಳ ಸುತ್ತ ಜನ. ಆ ಕಾಲದ ರೆಕ್ಕೆ ಎಂದರೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ. ಗಟ್ಟಿ ಇದೆಯಾ ಅಂತ ಬೆರಳಿನಿಂದ ಒತ್ತಿ ನೋಡುವವರಿಗೆ ಕಡಿಮೆಯಿರಲಿಲ್ಲ. ಪೆಟ್ರೋಲ್ ತುಂಬುವವರು, ಆಯಿಲ್ ಹಾಕುವವರು ಎಲ್ಲ ಆಯಾ ಊರಿನ ಅಪರಿಚಿತರು.

ಆಗಸ್ಟ್ 19

ಸೋಮವಾರ ಒಂದೇ ದಿನದಲ್ಲಿ ಗುಂಪು ಚೆಲ್ಲಾಪಿಲ್ಲಿಯಾಯಿತು.

ಇಯರ್‌ಹಾರ್ಟ್ ಯೂಮಾದಲ್ಲಿ ಇಳಿಯುವಾಗ ಮರಳಿಗೆ ನುಗ್ಗಿ ಪ್ರೊಪೆಲ್ಲರ್ ಬಗ್ಗಿಸಿಕೊಂಡರು. ಹೊಸದು ಬರುವವರೆಗೆ ಉಳಿದವರು ಅವರಿಗಾಗಿ ಕಾದರು. ಮರುಭೂಮಿಯ ಬಿಸಿಲು, ಆಗಸ್ಟ್ ತಿಂಗಳು. ಪಂದ್ಯದಲ್ಲಿ ಎದುರಾಳಿಗಾಗಿ ಕಾಯುವುದು ಎಂದರೆ ಸುಮ್ನೆ ಮಾತಲ್ಲ. ಬಾಬಿ ಟ್ರೌಟ್ ಅವರ ಎಂಜಿನ್ ನಿಂತು, ಗಡಿಯಾಚೆ ಮೆಕ್ಸಿಕೊದ ಹೊಲದಲ್ಲಿ ವಿಮಾನ ಮುರಿದುಬಿತ್ತು. ಪಾಂಚೋ ಬಾರ್ನ್ಸ್ ತಪ್ಪು ರೈಲು ಹಳಿ ಹಿಡಿದು ಅವರೂ ಮೆಕ್ಸಿಕೊದಲ್ಲಿ ಇಳಿದರು. ಜನ ಸ್ಪ್ಯಾನಿಷ್ ಮಾತಾಡುವುದು ಕೇಳಿದ್ದೇ ತಡ, ಮತ್ತೆ ಏರಿ ಹೊರಟರು. ಥಿಯಾ ರಾಷೆಗೆ ಪೆಟ್ರೋಲ್‌ನಲ್ಲಿ ಕಸ ಸಿಕ್ಕು ನಡುದಾರಿಯಲ್ಲಿ ಇಳಿಯಬೇಕಾಯಿತು. ಕ್ಲೇರ್ ಫಾಹಿ ಅವರ ರೆಕ್ಕೆ ಹಿಡಿದಿದ್ದ ತಂತಿಗಳು ತುಂಡಾದವು. ಆ್ಯಸಿಡ್ ಹಾಕಿದ್ದಾರೆ ಎಂದು ದೂರಿ ಅವರು ಪಂದ್ಯವನ್ನೇ ಬಿಟ್ಟರು.

ಮಾರ್ವೆಲ್ ಕ್ರಾಸನ್ ಫೀನಿಕ್ಸ್ ತಲುಪಲಿಲ್ಲ. ಯೂಮಾದಿಂದ ಪೂರ್ವಕ್ಕೆ, ಗಿಲಾ ನದಿಯ ಕಣಿವೆಯಲ್ಲಿ, ವೆಲ್ಟನ್ ಎಂಬ ಪುಟ್ಟ ಊರಿನ ಹತ್ತಿರ ವಿಮಾನ ಬಿದ್ದಿತ್ತು. ದೇಹ ಸಿಕ್ಕಿದ್ದು ಮರುದಿನ. ಪ್ಯಾರಾಚೂಟ್ ಇತ್ತು, ಆದರೆ ಅದು ತೆರೆದುಕೊಳ್ಳಲು ಬೇಕಾದಷ್ಟು ಎತ್ತರ ಇರಲಿಲ್ಲ ಎಂದು ಆಗ ಅಂದುಕೊಂಡರು.

ಯಾಕೆ ಬಿತ್ತು? ಎಂಜಿನ್ ಕೈಕೊಟ್ಟಿತು ಎಂದವರುಂಟು, ಬಿಸಿಲಿಗೆ ತಲೆ ಸುತ್ತಿರಬೇಕು ಎಂದವರುಂಟು. ಯಾರೋ ಏನೋ ಮಾಡಿದ್ದಾರೆ ಎಂದವರೂ ಉಂಟು. ಆಮೇಲೆ ಈ ಪ್ರಕರಣ ಕೆದಕಿದ ಕೆಲವರು ಬೊಟ್ಟು ಮಾಡುವುದು ಕಾರ್ಬನ್ ಮೊನಾಕ್ಸೈಡ್ ಕಡೆಗೆ. ಇದು ಊಹೆ, ಸಾಬೀತಾದದ್ದಲ್ಲ. ಆದರೆ ಒಂದೇ ಕಂಪನಿಯ ವಿಮಾನ, ಅದೇ ಥರದ ತೆರೆದ ಕಾಕ್‌ಪಿಟ್, ಕೆಲವೇ ದಿನಗಳ ಹಿಂದೆ ಫೋರ್ಟ್ ವರ್ತ್‌ನಲ್ಲಿ ನಡೆದ ಘಟನೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಊಹೆ ತಳ್ಳಿಹಾಕುವಂಥದ್ದಲ್ಲ.

ಬೈಗುಳ ಯಾರಿಗೆ ಬಂತು

ಒಬ್ಬ ಪೈಲಟ್ ಸತ್ತರು, ಪಂದ್ಯ ನಿಲ್ಲಿಸಿ ಎಂಬ ಕೂಗು ಎದ್ದಿತು. ಟೆಕ್ಸಾಸ್-ಒಕ್ಲಹೋಮ ಕಡೆಯ ಎಣ್ಣೆ ವ್ಯಾಪಾರದ ದೊಡ್ಡ ಕುಳ ಅರ್ಲ್ ಹ್ಯಾಲಿಬರ್ಟನ್, ಹೆಂಗಸರಿಗೆ ಹಾರಲು ಬರುವುದಿಲ್ಲ ಎಂಬುದು ಇದರಿಂದ ಸಾಬೀತಾಯಿತು ಎಂಬರ್ಥದ ಮಾತಾಡಿದರು. ಪೇಪರಿನವರಿಗೆ ಹಬ್ಬ.

ಎರಡೇ ವರ್ಷ ಹಿಂದಿನ ಡೋಲ್ ಏರ್ ರೇಸ್ ನೆನಪಿಸಿಕೊಳ್ಳಬೇಕು. 1927ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್‌ನಿಂದ ಹವಾಯಿಗೆ ನಡೆದ ಪಂದ್ಯ. ಓಡಿಸಿದವರೆಲ್ಲ ಗಂಡಸರು. ಹೊರಟ ಎಂಟರಲ್ಲಿ ಹವಾಯಿ ಮುಟ್ಟಿದ್ದು ಎರಡೇ ವಿಮಾನ. ಪಂದ್ಯದ ತಯಾರಿ, ಪಂದ್ಯ, ಕಾಣೆಯಾದವರ ಹುಡುಕಾಟ ಎಲ್ಲ ಸೇರಿ ಸತ್ತವರು ಹತ್ತು ಜನ. ಆಗ ಗಂಡಸರಿಗೆ ಹಾರಲು ಬರುವುದಿಲ್ಲ ಎಂಬ ಕೂಗು ಏಳಲಿಲ್ಲ.

ಮಾರ್ವೆಲ್ ಅವರ ಗೆಳತಿಯರು ಕೂತು ಮಾತಾಡಿಕೊಂಡರು. ಮುಂದುವರಿಯುವುದೆಂದು ತೀರ್ಮಾನವಾಯಿತು. ಈಗ ನಿಲ್ಲಿಸಿದರೆ ಮಾರ್ವೆಲ್ ಅವರ ಸಾವನ್ನೇ ಸಾಕ್ಷಿಯಾಗಿ ಎದುರಿಗಿಟ್ಟು ಮುಂದಿನ ಪಂದ್ಯ ಯಾವುದಕ್ಕೂ ಬಿಡುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಸ್ಯಾನ್ ಬರ್ನಾರ್ಡಿನೊದಲ್ಲಿ ಬೇಕೆಂದೇ ವಿಮಾನ ಕೆಡಿಸಿದ್ದಾರೆಯೇ ಎಂಬ ತನಿಖೆಯೂ ನಡೆಯಿತು. ಪುರಾವೆ ಸಿಗಲಿಲ್ಲ.

ಇಲ್ಲೊಂದು ಪಕ್ಕದ ಮಾತು. ಸಾಂಟಾ ಮೋನಿಕಾದಲ್ಲಿ ಈ ಪಂದ್ಯಕ್ಕೆ ‘ಪೌಡರ್ ಪಫ್ ಡರ್ಬಿ’ ಎಂದು ಹೆಸರಿಟ್ಟು ನಗಿಸಿದ್ದು ಹಾಸ್ಯಗಾರ ವಿಲ್ ರೋಜರ್ಸ್. ಮುಖಕ್ಕೆ ಪೌಡರ್ ಹಚ್ಚುವ ಪಫ್ ಅದು. ಹೆಸರು ಅಂಟಿಕೊಂಡುಬಿಟ್ಟಿತು. ರೋಜರ್ಸ್ ಕೆಟ್ಟ ಮನುಷ್ಯರಲ್ಲ, ವಿಮಾನ ಎಂದರೆ ಪ್ರಾಣ ಅವರಿಗೆ. 1935ರಲ್ಲಿ ಪೈಲಟ್ ವೈಲಿ ಪೋಸ್ಟ್ ಜೊತೆ ಅಲಾಸ್ಕಾದಲ್ಲಿ ಹಾರುವಾಗ ವಿಮಾನ ಬಿದ್ದು ಇಬ್ಬರೂ ತೀರಿಕೊಂಡರು. ಆ ಎರಡು ದೇಹಗಳನ್ನು ತನ್ನ ವಿಮಾನದಲ್ಲಿ ಹೊತ್ತು ತಂದ ಪೈಲಟ್ ಜೋ ಕ್ರಾಸನ್. ಮಾರ್ವೆಲ್ ಅವರ ಸಹೋದರ.

ಟೆಕ್ಸಾಸ್‌ನ ಬೆಂಕಿ

ಈ ಪ್ರಕರಣದಲ್ಲಿ ನನಗೆ ಜಾಸ್ತಿ ಕಾಡುವುದು ಬ್ಲಾಂಚ್ ನೋಯ್ಸ್ ಅವರ ಘಟನೆ. ಪಶ್ಚಿಮ ಟೆಕ್ಸಾಸ್ ಮೇಲೆ ಹಾರುತ್ತಿದ್ದಾಗ ಹೊಗೆಯ ವಾಸನೆ ಬಂತು. ತಿರುಗಿ ನೋಡಿದರೆ ಹಿಂದಿನ ಸಾಮಾನು ಇಡುವ ಜಾಗದಲ್ಲಿ ಬೆಂಕಿ. ಬಟ್ಟೆ ಮತ್ತು ಮರದ ವಿಮಾನ, ಟ್ಯಾಂಕಿನಲ್ಲಿ ಪೆಟ್ರೋಲ್. ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಿಕೊಳ್ಳಬಹುದಿತ್ತು. ಅವರು ವಿಮಾನವನ್ನು ಮೆಸ್ಕೀಟ್ ಪೊದೆಗಳ ನಡುವೆ ಇಳಿಸಿದರು. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಬಳಗದ್ದೇ ಗಿಡ, ಮುಳ್ಳು ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಜಾಗದಿಂದ ಕಿತ್ತು ಬರಲಿಲ್ಲ. ಕೈಯಲ್ಲೇ ಮರಳು ಬಾಚಿ ಬಾಚಿ ಎರಚಿ ಆರಿಸಿದರು. ಚಕ್ರದ ಕಾಲು ಜಖಂ ಆಗಿತ್ತು. ಆ ಜಾಲಿಯ ನಡುವಿನಿಂದಲೇ ಮತ್ತೆ ಏರಿ, ಪೇಕೋಸ್ ಎಂಬ ಊರಿನಲ್ಲಿ ಇಳಿಸಿದರು. ಯಾರೋ ಮೆಕ್ಯಾನಿಕ್ ಸಿಗರೇಟ್ ಬೀಳಿಸಿರಬೇಕು ಎಂಬ ಗುಮಾನಿ.

ಅದೇ ಪೇಕೋಸ್‌ನಲ್ಲಿ ಪಾಂಚೋ ಬಾರ್ನ್ಸ್ ಇಳಿಯುವಾಗ ರನ್‌ವೇ ಅಂಚಿಗೆ ಒಂದು ಕಾರು ಬಂದು ನಿಂತಿತ್ತು. ವಿಮಾನ ನೋಡಲು ಬಂದವರದು. ಡಿಕ್ಕಿಯಾಯಿತು. ಬಾರ್ನ್ಸ್ ಬಚಾವು, ಪಂದ್ಯ ಮುಗಿಯಿತು.

ಮಾರ್ಗರೆಟ್ ಪೆರ್ರಿ ಜ್ವರದಲ್ಲೇ ಹಾರುತ್ತಿದ್ದರು. ಫೋರ್ಟ್ ವರ್ತ್‌ನಲ್ಲಿ ಆಸ್ಪತ್ರೆಗೆ ಸೇರಿಸಿದಾಗ ಟೈಫಾಯ್ಡ್ ಎಂದು ಗೊತ್ತಾಯಿತು. ರೂತ್ ಎಲ್ಡರ್ ದಾರಿ ತಪ್ಪಿ ದನ ಮೇಯುವ ಹೊಲದಲ್ಲಿ ಇಳಿದರು. ಅವರ ವಿಮಾನದ ಬಣ್ಣ ಕೆಂಪು. ದೇವರೇ, ಇವೆಲ್ಲ ಹಸುಗಳೇ ಆಗಿರಲಿ, ಗೂಳಿ ಬೇಡ ಎಂದು ಬೇಡಿಕೊಂಡರಂತೆ. ಕೊನೆಯ ಘಟ್ಟದಲ್ಲಿ, ಕ್ಲೀವ್‌ಲೆಂಡ್‌ಗೆ ಇನ್ನೊಂದೇ ಹಾರಾಟ ಬಾಕಿ ಇರುವಾಗ, ಮೂರನೇ ಸ್ಥಾನದಲ್ಲಿದ್ದ ರೂತ್ ನಿಕೋಲ್ಸ್ ಕೊಲಂಬಸ್‌ನಲ್ಲಿ ರನ್‌ವೇ ತುದಿಯಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್‌ಗೆ ಗುದ್ದಿ ಹೊರಬಿದ್ದರು. ಮೂರನೇ ಸ್ಥಾನ ಇಯರ್‌ಹಾರ್ಟ್‌ಗೆ ಹೋಯಿತು.

ಆಗಸ್ಟ್ 26ರಂದು ಭಾರಿ ವರ್ಗದಲ್ಲಿ ಮೊದಲು ಬಂದವರು ಲೂಯಿಸ್ ಥೇಡನ್, ಎರಡನೆಯವರು ಗ್ಲಾಡಿಸ್ ಓಡೊನೆಲ್. ಒಂಬತ್ತು ದಿನದಲ್ಲಿ ಥೇಡನ್ ಗಾಳಿಯಲ್ಲಿದ್ದದ್ದು ಸುಮಾರು 20 ಗಂಟೆ. ಹಗುರ ವರ್ಗದಲ್ಲಿ ಫೀಬಿ ಒಮ್ಲಿ ಗೆದ್ದರು. ಬಾಬಿ ಟ್ರೌಟ್ ಮುರಿದ ವಿಮಾನ ರಿಪೇರಿ ಮಾಡಿಸಿ, ಗಡಿಯಾರದ ಲೆಕ್ಕಕ್ಕೆ ಸಿಗದಿದ್ದರೂ ಹಿಂದೆ ಹಿಂದೆಯೇ ಹಾರಿ ಕ್ಲೀವ್‌ಲೆಂಡ್ ಮುಟ್ಟಿದರು. ಇಪ್ಪತ್ತರಲ್ಲಿ ತಲುಪದವರು ಐವರು.

ನನ್ನ ಲೆಕ್ಕ

ಆ ಐವರನ್ನೇ ತೆಗೆದುಕೊಳ್ಳಿ. ಬಾರ್ನ್ಸ್‌ಗೆ ಅಡ್ಡ ಬಂದದ್ದು ಕಾರು, ನಿಕೋಲ್ಸ್‌ಗೆ ಟ್ರ್ಯಾಕ್ಟರ್. ಪೆರ್ರಿಯವರದು ಕಾಯಿಲೆ. ಫಾಹಿಯವರದು ತಂತಿ. ಮಾರ್ವೆಲ್ ಅವರದು ಹೊಗೆಯೋ ಎಂಜಿನ್ನೋ. ಬೆಟ್ಟಕ್ಕೆ ಹೋಗಿ ಗುದ್ದಿದವರು, ಮೋಡದಲ್ಲಿ ಕಳೆದುಹೋದವರು ಒಬ್ಬರೂ ಇಲ್ಲ. ಸಂಘಟಕರು ಮೊದಲು ಹೆದರಿದ್ದು ಬೆಟ್ಟಗಳಿಗೆ. ಪೆಟ್ಟು ಬಿದ್ದದ್ದು ಹೆಚ್ಚಾಗಿ ನೆಲದ ವ್ಯವಸ್ಥೆಯಿಂದ. ರನ್‌ವೇಗೆ ಕಾವಲಿಲ್ಲ, ಪೆಟ್ರೋಲ್ ಸೋಸಿದರೋ ಇಲ್ಲವೋ ನೋಡುವವರಿಲ್ಲ, ಪೈಲಟ್ ಮಲಗಲು ಹೊತ್ತಿಲ್ಲ.

ಹಾಗೆಂದು ಪೈಲಟ್‌ಗಳ ತಪ್ಪೇ ಇಲ್ಲ ಎನ್ನಲಾರೆ. ಜ್ವರ ಇಟ್ಟುಕೊಂಡು ದಿನಗಟ್ಟಲೆ ಹಾರುವುದು ಧೈರ್ಯವಲ್ಲ. ಹೆಂಗಸರೆಂದು ನಗುವವರ ಎದುರು ಸೋಲಬಾರದೆಂಬ ಛಲ ಕೆಲವು ಕಡೆ ಬುದ್ಧಿಗಿಂತ ಮುಂದೆ ಓಡಿತು.

ಇನ್ನು ಆ ಪೈಪು. ಬೀಚ್ ಚುರುಕಾಗಿ ಕೆಲಸ ಮಾಡಿದರು, ಒಂದು ಜೀವ ಉಳಿಸಿದರು, ಬಹುಶಃ ಪಂದ್ಯವನ್ನೂ ಗೆಲ್ಲಿಸಿದರು. ಆದರೆ ಒಂದು ವಿಮಾನದಲ್ಲಿ ಕಂಡ ದೋಷವನ್ನು ಆ ಮಾದರಿಯ ಎಲ್ಲ ವಿಮಾನಗಳಿಗೂ ಬರೆದು ತಿಳಿಸಿ, ಹಾರುವ ಮೊದಲು ಸರಿಪಡಿಸಲೇಬೇಕು ಎಂದು ಕಟ್ಟುಮಾಡುವ ಇವತ್ತಿನ ಪದ್ಧತಿ ಆಗ ಬೆಳೆದಿರಲಿಲ್ಲ. ಯಾರೋ ಒಬ್ಬರು ಸ್ಯಾನ್ ಬರ್ನಾರ್ಡಿನೊದ ಆ ರಾತ್ರಿ, ದಾರಿಯ ಜಗಳದ ನಡುವೆ ಎದ್ದು ನಿಂತು, ಟ್ರಾವೆಲ್ ಏರ್ ಇರುವವರೆಲ್ಲ ಕೇಳಿ, ತಲೆ ನೋಯ್ತಾ ಇದ್ರೆ ಇಳಿದುಬಿಡಿ ಎಂದು ಹೇಳುವುದು ನಿಯಮವೇ ಆಗಿದ್ದಿದ್ದರೆ? ಪ್ರತಿಸ್ಪರ್ಧಿಗಳು ಇಂಥ ಗುಟ್ಟು ಹಂಚಿಕೊಳ್ಳುತ್ತಾರಾ ಎನ್ನಬಹುದು. ಇಯರ್‌ಹಾರ್ಟ್‌ಗಾಗಿ ಯೂಮಾದ ಬಿಸಿಲಲ್ಲಿ ಕಾದವರು ಇದನ್ನೂ ಮಾಡುತ್ತಿದ್ದರು ಎಂದೇ ನನ್ನ ನಂಬಿಕೆ.

ಆಮೇಲೆ

ಪಂದ್ಯದ ಗುಂಪು ಚದುರಲಿಲ್ಲ. ಆಗ ಅಮೆರಿಕದಲ್ಲಿ ಲೈಸೆನ್ಸ್ ಇದ್ದ ಮಹಿಳಾ ಪೈಲಟ್‌ಗಳು 117 ಜನ. ಎಲ್ಲರಿಗೂ ಕರೆ ಹೋಯಿತು. ನವೆಂಬರ್ 2ರಂದು ನ್ಯೂಯಾರ್ಕ್ ಬಳಿಯ ಕರ್ಟಿಸ್ ಫೀಲ್ಡ್‌ನಲ್ಲಿ ಒಂದಿಷ್ಟು ಜನ ಸೇರಿದರು. ಸಂಘಕ್ಕೆ ಹೆಸರೇನು ಎಂದು ಚರ್ಚೆಯಾಗಿ, ಸೇರಿದ ಸದಸ್ಯರ ಸಂಖ್ಯೆಯನ್ನೇ ಹೆಸರಾಗಿ ಇಟ್ಟರು: ನೈಂಟಿ-ನೈನ್ಸ್. ಸಂಘ ಈಗಲೂ ಇದೆ. ಅದನ್ನು ಕಟ್ಟಲು ಓಡಾಡಿದ ನೀವಾ ಪ್ಯಾರಿಸ್ ಕೂಡ ಡರ್ಬಿಯಲ್ಲಿ ಹಾರಿದವರೇ. 1930ರ ಜನವರಿಯಲ್ಲಿ ಜಾರ್ಜಿಯಾದಲ್ಲಿ ಅವರ ವಿಮಾನ ಬಿತ್ತು.

1936ರಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಹಾರಿದ ಬೆಂಡಿಕ್ಸ್ ಪಂದ್ಯದಲ್ಲಿ, ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ಗೆ ಎಲ್ಲರಿಗಿಂತ ಮೊದಲು ಬಂದವರು ಲೂಯಿಸ್ ಥೇಡನ್ ಮತ್ತು ಬ್ಲಾಂಚ್ ನೋಯ್ಸ್. ಒಬ್ಬರು ಹೊಗೆ ಕುಡಿದವರು, ಇನ್ನೊಬ್ಬರು ಬೆಂಕಿಗೆ ಮರಳು ಎರಚಿದವರು. ವಿಮಾನ ಅದೇ ವಾಲ್ಟರ್ ಬೀಚ್ ಅವರ ಹೊಸ ಕಂಪನಿಯದು.

ಅಷ್ಟರಲ್ಲಿ ಫೀಬಿ ಒಮ್ಲಿ ಸರ್ಕಾರದ ಕೆಲಸದಲ್ಲಿದ್ದರು. ದಾರಿ ತಪ್ಪಿದ ಪೈಲಟ್ ಸ್ಟೇಷನ್ ಬೋರ್ಡ್ ಓದಲು ಕೆಳಗಿಳಿಯುವುದು ಎಷ್ಟು ದಿನ? ದೊಡ್ಡ ಕಟ್ಟಡಗಳ, ಕೊಟ್ಟಿಗೆಗಳ ಚಾವಣಿ ಮೇಲೆ ಊರಿನ ಹೆಸರನ್ನೇ ಬರೆಸೋಣ ಎಂಬ ಯೋಜನೆ ಹಾಕಿದರು. ಅಕ್ಷರ 12 ಅಡಿ ಎತ್ತರ, ಹದಿನೈದು ಮೈಲಿಗೊಂದು ಗುರುತು. ಆ ಕೆಲಸಕ್ಕೆ ಸೇರಿಸಿಕೊಂಡವರಲ್ಲಿ ಥೇಡನ್ ಇದ್ದರು, ನೋಯ್ಸ್ ಇದ್ದರು. ನೋಯ್ಸ್ ಅದನ್ನೇ ಬದುಕಾಗಿ ಮಾಡಿಕೊಂಡು ಊರೂರು ಸುತ್ತಿ ಹೆಸರು ಬರೆಸಿದರು. ಯುದ್ಧ ಬಂತು. ಶತ್ರು ವಿಮಾನಗಳಿಗೂ ದಾರಿ ಕಾಣುತ್ತದೆಂದು ಕರಾವಳಿಯಿಂದ 150 ಮೈಲಿ ಒಳಗಿನ ಹೆಸರುಗಳನ್ನೆಲ್ಲ ಅಳಿಸಲು ಆಜ್ಞೆಯಾಯಿತು. ಬರೆಸಿದವರೇ ನಿಂತು ಕಪ್ಪು ಬಣ್ಣ ಬಳಿಸಿದರು. ಯುದ್ಧ ಮುಗಿದ ಮೇಲೆ ಬ್ಲಾಂಚ್ ನೋಯ್ಸ್ ಅದೇ ಚಾವಣಿಗಳ ಮೇಲೆ ಅದೇ ಹೆಸರುಗಳನ್ನು ಮತ್ತೆ ಬರೆಸಲು ಹೊರಟರು.